ಭಾನುವಾರದ ಮೆಗಾ ಬ್ಲಾಕ್: ಪ್ರಕಟಣೆ ಓದುವ ಬಗೆ

ಮುಂಬಯಿ ಕನ್ನಡಿಗರ ನಾಟಕ, ತಾಳಮದ್ದಲೆ, ಪುಸ್ತಕ ಬಿಡುಗಡೆ ಹೆಚ್ಚಾಗಿ ನಡೆಯುವುದು ಭಾನುವಾರ. ಲೋಕಲ್ ರೈಲಿನ ಮೆಗಾ ಬ್ಲಾಕ್ ಬೀಳುವುದೂ ಭಾನುವಾರವೇ. ‘ಇವತ್ತು ಬ್ಲಾಕ್ ಇದೆಯಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಡೊಂಬಿವಲಿಯ ಎಷ್ಟೋ ಮನೆಗಳಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೆ ಹೋಗುವ ಯೋಚನೆಯನ್ನೇ ಕೈಬಿಡುತ್ತಾರೆ. ಬಿಡಬೇಕಾಗಿಲ್ಲ. ಬ್ಲಾಕ್ ಎಂದರೆ ಗಾಡಿಯೇ ಇಲ್ಲ ಎಂದಲ್ಲ. ಯಾವ ಲೈನು, ಯಾವ ಹಳಿ, ಯಾವ ಎರಡು ಸ್ಟೇಷನ್ನುಗಳ ನಡುವೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದು ತಿಳಿದರೆ ದಾರಿ ತಾನಾಗಿ ಹೊಳೆಯುತ್ತದೆ.

ಹಗಲು ಹೊತ್ತೇ ಏಕೆ ಎಂದು ಕೇಳುವವರಿದ್ದಾರೆ. ರಾತ್ರಿ ಒಂದರ ಸುಮಾರಿಗೆ ಕೊನೆಯ ಗಾಡಿಗಳು ನಿಂತರೆ ನಾಲ್ಕಕ್ಕೆಲ್ಲ ಮತ್ತೆ ಓಡಾಟ ಶುರು. ಆ ಅವಧಿಯಲ್ಲಿ ಓವರ್‌ಹೆಡ್ ತಂತಿಯ 25,000 ವೋಲ್ಟ್ ವಿದ್ಯುತ್ ಕಡಿದು, ತಂತಿಯನ್ನು ಅರ್ತಿಂಗ್ ಮಾಡಿ, ಯಂತ್ರ ತಂದು ನಿಲ್ಲಿಸುವಷ್ಟರಲ್ಲೇ ಬೆಳಗಾಗುತ್ತದೆ. ಹಳಿ ಬದಲಿಸಬೇಕು, ಸಿಗ್ನಲ್ ಪಾಯಿಂಟುಗಳನ್ನು ಪರೀಕ್ಷಿಸಬೇಕು, ಜಲ್ಲಿ ಜರಡಿ ಹಿಡಿಯಬೇಕು. ಜಲ್ಲಿಯ ಕೆಲಸ ಮುಂಬಯಿಯಲ್ಲಿ ಜೀವ ಉಳಿಸುವ ಕೆಲಸ. ಹಳಿಯ ಕೆಳಗಿನ ಜಲ್ಲಿಯಲ್ಲಿ ಮಣ್ಣು, ಕಸ ಸೇರಿಕೊಂಡರೆ ಮಳೆನೀರು ಇಂಗುವುದಿಲ್ಲ; ನೀರು ನಿಂತಲ್ಲಿ ಹಳಿಯ ಬುಡ ಸಡಿಲವಾಗುತ್ತದೆ. ವಾರದ ಆರು ದಿನ ಲಕ್ಷಾಂತರ ಜನ ಕೆಲಸಕ್ಕೆ ಹೋಗಲೇಬೇಕು. ಉಳಿಯುವುದು ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ಸುಮಾರಿನ ಹೊತ್ತು. ಬಿಸಿಲಲ್ಲಿ ಕಾದ ಹಳಿಯ ಮೇಲೆ ನಿಂತು ಆ ಕೆಲಸ ಮಾಡುವ ಗ್ಯಾಂಗ್‌ಮನ್‌ಗಳಿಗೂ ಭಾನುವಾರ ಇರುತ್ತದೆ ಎನ್ನುವುದನ್ನು ನಾವು ಮರೆಯಬಾರದು.

ಇನ್ನು ಪ್ರಕಟಣೆಯಲ್ಲಿ ಬರುವ ಲೈನುಗಳ ಹೆಸರುಗಳು. ಬೆಂಗಳೂರಿನ ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟಿದ್ದಾರೆ. ಒಂದು ಹೆಸರಿಗೆ ಒಂದು ದಾರಿ. ಮುಂಬಯಿಯ ಹೆಸರುಗಳು ಹಾಗೆ ಕೂತು ಇಟ್ಟವಲ್ಲ. ವೆಸ್ಟರ್ನ್, ಸೆಂಟ್ರಲ್ ಎನ್ನುವುದು 1951ರಲ್ಲಿ ಹುಟ್ಟಿದ ಎರಡು ರೈಲ್ವೆ ವಲಯಗಳ ಹೆಸರು. ಹಾರ್ಬರ್ ಲೈನಿಗೆ ಆ ಹೆಸರು ಬಂದದ್ದು ಅದು ಪೂರ್ವ ತೀರದ ಬಂದರುಕಟ್ಟೆಗಳ ಪಕ್ಕ ಹಾದುಹೋಗುವುದರಿಂದ. ಈಗ ಅದೇ ಲೈನು ಖಾಡಿ ದಾಟಿ ಪನ್ವೇಲ್‌ವರೆಗೂ, ಇನ್ನೊಂದು ಕವಲಿನಲ್ಲಿ ಗೋರೆಗಾಂವ್‌ವರೆಗೂ ಹೋಗುತ್ತದೆ. ಠಾಣೆಯಿಂದ ನವಿ ಮುಂಬಯಿಗೆ ಹೋಗುವುದು ಟ್ರಾನ್ಸ್ ಹಾರ್ಬರ್.

ವಲಯ ಎರಡಾದ್ದರಿಂದ ಪ್ರಕಟಣೆಯೂ ಎರಡು. ಸೆಂಟ್ರಲ್‌ನವರು ‘ಮೆಗಾ ಬ್ಲಾಕ್’ ಎನ್ನುವುದನ್ನೇ ವೆಸ್ಟರ್ನ್‌ನವರು ‘ಜಂಬೋ ಬ್ಲಾಕ್’ ಎನ್ನುತ್ತಾರೆ. ಹಾರ್ಬರ್ ಸೆಂಟ್ರಲ್‌ಗೆ ಸೇರಿದ್ದರೂ ಗೋರೆಗಾಂವ್ ಕಡೆಯ ಭಾಗ ವೆಸ್ಟರ್ನ್‌ನ ಜಾಗದಲ್ಲಿ ಹಾದುಹೋಗುವುದರಿಂದ ಆ ದಾರಿಯವರು ಎರಡನ್ನೂ ನೋಡಬೇಕು.

‘ಅಪ್’ ಎಂದರೆ ಸಿಎಸ್‌ಎಂಟಿ ಅಥವಾ ಚರ್ಚ್‌ಗೇಟ್ ಕಡೆಗೆ. ‘ಡೌನ್’ ಎಂದರೆ ಅಲ್ಲಿಂದ ಹೊರಕ್ಕೆ. ಟ್ರಾನ್ಸ್ ಹಾರ್ಬರ್‌ನಲ್ಲಿ ಮಾತ್ರ ಠಾಣೆಯ ಕಡೆಗೆ ಅಪ್. ಇದಕ್ಕಿಂತ ಮುಖ್ಯವಾದದ್ದು ‘ಫಾಸ್ಟ್’, ‘ಸ್ಲೋ’ ಎಂಬ ಮಾತು. ನಾವು ಅದನ್ನು ಗಾಡಿಗೆ ಹೇಳುತ್ತೇವೆ, ಪ್ರಕಟಣೆಯಲ್ಲಿ ಅದು ಹಳಿಯ ಹೆಸರು. ಗೊಂದಲವೆಲ್ಲ ಇಲ್ಲೇ. ಸಿಎಸ್‌ಎಂಟಿಯಿಂದ ಕಲ್ಯಾಣದವರೆಗೆ ಲೋಕಲ್ಲಿಗೆ ನಾಲ್ಕು ಹಳಿ: ಸ್ಲೋ ಒಂದು ಜೋಡಿ, ಫಾಸ್ಟ್ ಒಂದು ಜೋಡಿ. ‘ಮಾಟುಂಗಾ–ಮುಲುಂಡ್ ಅಪ್ ಮತ್ತು ಡೌನ್ ಫಾಸ್ಟ್ ಲೈನಿನಲ್ಲಿ ಬ್ಲಾಕ್’ ಎಂದಿದ್ದರೆ, ಫಾಸ್ಟ್ ಗಾಡಿಗಳನ್ನು ಅಷ್ಟು ದೂರ ಸ್ಲೋ ಹಳಿಗೆ ತಿರುಗಿಸಿ ಮತ್ತೆ ತಮ್ಮ ಹಳಿಗೆ ಬಿಡುತ್ತಾರೆ. ಹಳಿಯ ಮೇಲೆ ಸಂದಣಿ, ಕಾಲು ಗಂಟೆಯಷ್ಟು ತಡ. ಆದರೆ ನಿಮ್ಮ ಸ್ಟೇಷನ್ ತಪ್ಪುವುದಿಲ್ಲ.

ಎಚ್ಚರ ಬೇಕಾದದ್ದು ಇದಕ್ಕೆ ತಿರುಗುಮುರುಗಾದಾಗ. ಸ್ಲೋ ಹಳಿಗೆ ಬ್ಲಾಕ್ ಬಿದ್ದು ಸ್ಲೋ ಗಾಡಿಗಳು ಫಾಸ್ಟ್ ಹಳಿ ಹತ್ತಿದರೆ ಕೆಲವು ಸ್ಟೇಷನ್ನುಗಳಲ್ಲಿ ನಿಲ್ಲುವುದೇ ಇಲ್ಲ, ಏಕೆಂದರೆ ಅಲ್ಲಿ ಫಾಸ್ಟ್ ಹಳಿಗೆ ಪ್ಲಾಟ್‌ಫಾರ್ಮ್ ಇಲ್ಲ. ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್ ಇಂಥವು. ವೆಸ್ಟರ್ನ್‌ನಲ್ಲಿ ರಾಮಮಂದಿರ್ ಹಾಗೆಯೇ. ಆ ಸ್ಟೇಷನ್ನುಗಳ ಹತ್ತಿರ ಮನೆಯಿರುವವರು ಹಿಂದಿನ ಅಥವಾ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾ ಹಿಡಿಯುವುದೇ ಸರಿ. ದೂರದಿಂದ ಬರುವ ನೆಂಟರಿದ್ದರೆ ಶನಿವಾರ ರಾತ್ರಿಯೇ ಫೋನು ಮಾಡಿ ಹೇಳಿಬಿಡಿ. ಗಾಡಿ ನಿಲ್ಲದೆ ಕಣ್ಣೆದುರೇ ಸ್ಟೇಷನ್ ಹಿಂದೆ ಸರಿದರೆ ವಯಸ್ಸಾದವರು ಗಾಬರಿಯಾಗುತ್ತಾರೆ.

ಹಾರ್ಬರ್‌ನ ಕತೆ ಬೇರೆ. ಅಲ್ಲಿರುವುದು ಎರಡೇ ಹಳಿ. ತಿರುಗಿಸಲು ಪಕ್ಕದಲ್ಲಿ ಇನ್ನೊಂದು ಜೋಡಿ ಇಲ್ಲ. ಕುರ್ಲಾ–ವಾಶಿ ನಡುವೆ ಎರಡೂ ಹಳಿಗೆ ಬ್ಲಾಕ್ ಎಂದರೆ ಅಷ್ಟು ಹೊತ್ತು ಅಲ್ಲಿ ಗಾಡಿಯೇ ಇಲ್ಲ. ಸಿಎಸ್‌ಎಂಟಿ–ಕುರ್ಲಾ ನಡುವೆ, ವಾಶಿ–ಪನ್ವೇಲ್ ನಡುವೆ ವಿಶೇಷ ಗಾಡಿ ಬಿಡುತ್ತಾರೆ. ಅಂಥ ದಿನ ಹಾರ್ಬರ್ ಪ್ರಯಾಣಿಕರು ಠಾಣೆಯ ಮೇಲೆ ಹೋಗಬಹುದೆಂದು ಪ್ರಕಟಣೆಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ಬಹಳ ಜನ ಅಲ್ಲಿಯವರೆಗೆ ಓದುವುದೇ ಇಲ್ಲ. ನೆರೂಲ್‌ನಿಂದ ಮಾಟುಂಗಾಕ್ಕೆ ಹೊರಟವರು ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಠಾಣೆಗೆ ಬಂದು, ಅಲ್ಲಿಂದ ಸ್ಲೋ ಗಾಡಿ ಹಿಡಿದರಾಯಿತು. ಆ ಸಾಲು ಇದ್ದ ದಿನ ಸುತ್ತುದಾರಿಗೆಂದು ಬೇರೆ ಟಿಕೆಟ್ ಬೇಡ.

ಮಾಟುಂಗಾದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಆ ಒಂದೇ ಪೇಟೆಗೆ ಮೂರು ಲೈನಿನ ಮೂರು ಸ್ಟೇಷನ್ ಇವೆ. ‘ಮಾಟುಂಗಾ’ ಸೆಂಟ್ರಲ್‌ನದು, ‘ಮಾಟುಂಗಾ ರೋಡ್’ ವೆಸ್ಟರ್ನ್‌ನದು, ‘ಕಿಂಗ್ಸ್ ಸರ್ಕಲ್’ ಹಾರ್ಬರ್‌ನದು. ಆಮಂತ್ರಣ ಪತ್ರಿಕೆಯಲ್ಲಿ ಬರಿ ‘ಮಾಟುಂಗಾ ಸ್ಟೇಷನ್ ಬಳಿ’ ಎಂದು ಅಚ್ಚು ಹಾಕಿಸುವ ಸಂಘಗಳು ಮೂರನ್ನೂ ಹೆಸರಿಸಿದರೆ ಬ್ಲಾಕ್ ದಿನ ಬಹಳ ಉಪಕಾರ. ವೆಸ್ಟರ್ನ್‌ನಲ್ಲಿ ಜಂಬೋ ಬ್ಲಾಕ್ ಇದ್ದು ಹಾರ್ಬರ್ ಓಡುತ್ತಿದ್ದರೆ, ಅಂಧೇರಿಯಿಂದ ಹತ್ತಿದವರು ಎಲ್ಲೂ ಬದಲಿಸದೆ ಕಿಂಗ್ಸ್ ಸರ್ಕಲ್‌ನಲ್ಲಿ ಇಳಿಯಬಹುದು.

ದಾದರ್‌ನಲ್ಲಿ ಗಾಡಿ ಬದಲಿಸುವವರಿಗೆ ಈಚೆಗೆ ಒಂದು ಅನುಕೂಲವಾಗಿದೆ. ಮೊದಲು ಅಲ್ಲಿ ವೆಸ್ಟರ್ನ್‌ಗೂ ಒಂದನೇ ಪ್ಲಾಟ್‌ಫಾರ್ಮ್, ಸೆಂಟ್ರಲ್‌ಗೂ ಒಂದನೇ ಪ್ಲಾಟ್‌ಫಾರ್ಮ್. 2023ರ ಡಿಸೆಂಬರ್‌ನಿಂದ 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್ ಎಂದು ಸಾಲಾಗಿ ಎಣಿಸಿದ್ದಾರೆ.

ಸಂಜೆ ಐದರ ನಾಟಕಕ್ಕೆ ಡೊಂಬಿವಲಿ ಬಿಡುವವರು ನಾಲ್ಕಕ್ಕೆ ಬ್ಲಾಕ್ ಮುಗಿಯಲಿ ಎಂದು ಕಾಯಬೇಡಿ. ಬ್ಲಾಕ್ ಮುಗಿದ ಮೇಲೂ ಗಾಡಿಗಳು ವೇಳೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮೂರೂವರೆಗೆ ಸಿಗುವ ಸ್ಲೋ ಗಾಡಿ ಹತ್ತಿ ಕೂತರೆ ಮೊದಲ ಗಂಟೆಗೆ ಮುಂಚೆಯೇ ಸಭಾಂಗಣ ತಲುಪುತ್ತೀರಿ.