ಏಜೆಂಟ್ ಬೇಕಾಗಿದ್ದಾರೆ!

ನಮ್ಮ ಕನ್ನಡ ಕೂಟದ ಯಾವ ಪಾಟ್‌ಲಕ್‌ಗೆ ಹೋದರೂ ಬಿಸಿಬೇಳೆ ಭಾತ್ ತಟ್ಟೆಗೆ ಬೀಳುವ ಮೊದಲೇ ಬರುವ ಪ್ರಶ್ನೆ ಒಂದೇ: "ಮಗಳು ಈಗ ಏನು ಮಾಡ್ತಿದ್ದಾಳೆ?" ಮಿಕ್ಕವರಿಗೆ ಇದು ಸುಲಭದ ಪ್ರಶ್ನೆ. "ರೆಸಿಡೆನ್ಸಿ ಮೂರನೇ ವರ್ಷ", "ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್" ಎಂದರೆ ಮುಗಿಯಿತು. ನಾನು ಮಾತ್ರ ಬಹಳ ದಿನ "ಎಲ್.ಎ.ನಲ್ಲೇ ಇದ್ದಾಳೆ" ಎಂದು ಹೇಳಿ ಮೆಲ್ಲಗೆ ಕೋಸಂಬರಿಯ ಕಡೆಗೆ ಸರಿದುಬಿಡುತ್ತಿದ್ದೆ.

ಈಗ ಧೈರ್ಯ ಬಂದಿದೆ. ನನ್ನ ಮಗಳು ನಟಿ ಎಂದು ನೇರವಾಗಿಯೇ ಹೇಳುತ್ತೇನೆ. ಕೂಡಲೇ ಎರಡನೇ ಪ್ರಶ್ನೆ: "ಓ, ಯಾವ ಸಿನಿಮಾ?" ಇತ್ತೀಚೆಗೆ ಇದರ ಹಿಂದೆಯೇ, ಸ್ವಲ್ಪ ದನಿ ತಗ್ಗಿಸಿ, ಮೂರನೆಯದೂ ಬರುತ್ತಿದೆ: "ನಮ್ಮ ಹುಡುಗನಿಗೂ ಆಸೆ ಇದೆ ಕಣ್ರೀ. ಒಳ್ಳೆ ಏಜೆಂಟ್ ಹಿಡಿದರೆ ಕೆಲಸ ಸಿಗುತ್ತಂತೆ, ಹೌದಾ?"

ಈ ಮೂರನೆಯದಕ್ಕೆ ತಟ್ಟೆ ಹಿಡಿದು ನಿಂತುಕೊಂಡು ಉತ್ತರ ಹೇಳುವುದು ಕಷ್ಟ. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದ್ದೇ ನೆಪವಾಗಿ ಇಲ್ಲಿ ಬರೆದುಬಿಡುತ್ತೇನೆ. ನಾನು ಸಿನಿಮಾದವನಲ್ಲ, ಎಂಜಿನಿಯರು. ಈ ವಿಷಯದಲ್ಲಿ ನನಗಿರುವ ಅರ್ಹತೆಯೆಂದರೆ ಎಡವಿದ್ದು, ಅದೂ ಎರಡು ಬಾರಿ!

ಮಾಲ್‌ನಲ್ಲಿ ಕಲಿತ ಮೊದಲ ಪಾಠ

2008ನೇ ಇಸವಿ. ಮಗಳಿಗೆ ಹನ್ನೆರಡು ವರ್ಷ. ಆ ವರ್ಷದ ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳ ನಾಟಕದಲ್ಲಿ ಅಜ್ಜಿಯ ಪಾರ್ಟು ಮಾಡಿ ಎಲ್ಲರನ್ನೂ ನಗಿಸಿದ್ದಳು. ಅದಾದ ಕೆಲವು ವಾರಕ್ಕೆ ಮಾಲ್‌ನಲ್ಲಿ ಒಬ್ಬ ಹೆಂಗಸು ನಮ್ಮನ್ನು ತಡೆದು, "ನಿಮ್ಮ ಮಗಳ ಮುಖದಲ್ಲಿ ಏನೋ ಇದೆ, ಟಿವಿಯವರು ಇಂಥ ಮುಖವನ್ನೇ ಹುಡುಕುತ್ತಿದ್ದಾರೆ" ಎಂದಳು. ಹೆತ್ತವರಿಗೆ ಇಷ್ಟು ಸಾಕಲ್ಲ! ಮರುವಾರವೇ ಅವರ ಆಫೀಸಿನಲ್ಲಿ ಕುಳಿತು 2,200 ಡಾಲರ್ ಚೆಕ್ ಬರೆದುಕೊಟ್ಟೆ. ಫೋಟೋಗೆ ಇಷ್ಟು, ತರಬೇತಿಗೆ ಇಷ್ಟು, ಏಜೆಂಟರ ಮುಂದೆ ಪ್ರದರ್ಶನಕ್ಕೆ ಇಷ್ಟು. "ರೀ, ಕೆಲಸ ಕೊಡಿಸುವವರಿಗೆ ನಾವೇ ಯಾಕೆ ದುಡ್ಡು ಕೊಡಬೇಕು?" ಎಂದು ನನ್ನ ಹೆಂಡತಿ ಕೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕು ಶನಿವಾರದ ಕ್ಲಾಸ್ ಆಯಿತು. ಹೋಟೆಲೊಂದರ ಹಾಲ್‌ನಲ್ಲಿ ನೂರಾರು ಮಕ್ಕಳ ಜೊತೆ ಒಂದು ನಿಮಿಷದ ಪ್ರದರ್ಶನವೂ ಆಯಿತು. ಆಮೇಲೆ ಒಂದು ಫೋನೂ ಬರಲಿಲ್ಲ. ದುಡ್ಡು ಹೋದದ್ದು ದೊಡ್ಡ ವಿಷಯವಲ್ಲ. ಎರಡು ತಿಂಗಳಾದ ಮೇಲೆ ಕಾರಿನ ಹಿಂದಿನ ಸೀಟಿನಿಂದ ಅವಳು ಕೇಳಿದಳು: "ಅಪ್ಪ, ನಾನು ಚೆನ್ನಾಗಿ ಮಾಡ್ಲಿಲ್ವಾ?" ಮೋಸ ಹೋದವನು ನಾನು. ಆದರೆ ಸೋತದ್ದು ತಾನೇ ಎಂದು ಆ ಮಗು ಅಂದುಕೊಂಡಿತ್ತು. ಮುಂದೆ ಹೈಸ್ಕೂಲು ಮುಗಿಯುವವರೆಗೂ ಅವಳು ಸ್ಟೇಜ್ ಹತ್ತಲಿಲ್ಲ.

ಹೀಗೆ ಮುಂಗಡ ಹಣ ಕಿತ್ತುಕೊಳ್ಳುವವರ ವಿರುದ್ಧ ಕ್ಯಾಲಿಫೋರ್ನಿಯಾ 2009ರಲ್ಲಿ ಕಾನೂನು ಮಾಡಿತು, 2010ರಿಂದ ಜಾರಿಗೆ ಬಂತು. ಅವಕಾಶ ಕೊಡಿಸುತ್ತೇವೆಂದು ಹೇಳಿ ಮೊದಲೇ ಫೀಸ್ ಕೇಳುವುದು ಇಲ್ಲಿ ಈಗ ಅಪರಾಧ. ನಿಜವಾದ ಏಜೆಂಟ್ ನಿಮ್ಮಿಂದ ಮೊದಲು ಒಂದು ಡಾಲರನ್ನೂ ಕೇಳುವುದಿಲ್ಲ. ನಿಮಗೆ ಸಂಬಳ ಬಂದ ಮೇಲೆ ಅದರಲ್ಲಿ ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಅವರದು. ನಿಮಗೆ ಸೊನ್ನೆಯಾದರೆ ಅವರಿಗೂ ಸೊನ್ನೆ. ನನ್ನ ಹೆಂಡತಿ ಕೇಳಿದ ಪ್ರಶ್ನೆಯೇ ಕಾನೂನಾಯಿತು ಎನ್ನಿ!

ಹಾಗಾದರೆ ಏಜೆಂಟ್ ಮಾಡುವುದೇನು?

ನಮ್ಮ ಕಡೆ ಈ ಪದ್ಧತಿ ಇರಲಿಲ್ಲವಲ್ಲ. ಹಿಂದೆ ನಾಟಕ ಕಂಪನಿಯೇ ನಟನಿಗೆ ಮನೆ, ಗುರುಕುಲ, ಏಜೆಂಟ್ ಎಲ್ಲ. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ್ ಎಂಬ ಯುವಕನನ್ನು ನಿರ್ದೇಶಕ ಎಚ್.ಎಲ್.ಎನ್. ಸಿಂಹ ಆರಿಸಿಕೊಂಡರು. 1954ರ 'ಬೇಡರ ಕಣ್ಣಪ್ಪ'ದಿಂದ ಆತ ರಾಜ್‌ಕುಮಾರ್ ಆದರು. ನಡುವೆ ಹತ್ತು ಪರ್ಸೆಂಟಿನವರು ಯಾರೂ ಇರಲಿಲ್ಲ.

ಹಾಲಿವುಡ್‌ನಲ್ಲಿ ಹಾಗಲ್ಲ. ಒಂದು ಟಿವಿ ಧಾರಾವಾಹಿಗೆ ನರ್ಸ್ ಪಾತ್ರ ಬೇಕು ಎನ್ನಿ. ಪಾತ್ರ ಆರಿಸುವ ಜವಾಬ್ದಾರಿ ಕಾಸ್ಟಿಂಗ್ ಡೈರೆಕ್ಟರದು. ಇಂಥ ವಯಸ್ಸು, ಇಂಥ ಸ್ವಭಾವ ಎಂದು ಅವರು ಬರೆಯುವ ವಿವರಣೆಗೆ 'ಬ್ರೇಕ್‌ಡೌನ್' ಎಂದು ಹೆಸರು. 1971ರಲ್ಲಿ ಶುರುವಾದ ಬ್ರೇಕ್‌ಡೌನ್ ಸರ್ವೀಸಸ್ ಎಂಬ ಸಂಸ್ಥೆ ಇದನ್ನು ಏಜೆಂಟರಿಗೆ ತಲುಪಿಸುತ್ತದೆ. ಅವರು ತಮ್ಮಲ್ಲಿರುವ ನಟರ ಫೋಟೋ, ವಿಡಿಯೋ ಕಳಿಸುತ್ತಾರೆ. ಕೆಲವು ಬ್ರೇಕ್‌ಡೌನ್‌ಗಳು ನಟರ ಕಣ್ಣಿಗೂ ಬೀಳುತ್ತವೆ, ತಾವೇ ಅರ್ಜಿ ಹಾಕಬಹುದು. ಆದರೆ ದೊಡ್ಡ ಪಾತ್ರಗಳು ಸಾಮಾನ್ಯವಾಗಿ ಏಜೆಂಟರ ಹತ್ತಿರ ಮಾತ್ರ ಹೋಗುತ್ತವೆ. ಒಂದೊಂದು ಪಾತ್ರಕ್ಕೂ ರಾಶಿರಾಶಿ ಫೋಟೋ ಬಂದು ಬೀಳುತ್ತವೆ. ಅವರಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಮಾತ್ರ ಆಡಿಷನ್.

ಇದನ್ನೆಲ್ಲ ಮಗಳು ವಿವರಿಸಿದಾಗ ನನ್ನ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು: "ಅಂದ್ರೆ ಮದುವೆ ದಲ್ಲಾಳಿ ಇದ್ದ ಹಾಗೆ!" ಜಾತಕ, ಫೋಟೋ ಯಾವ ಮನೆಗೆ ಹೋಗಬೇಕು ಎನ್ನುವುದು ದಲ್ಲಾಳಿಯ ಕೈಯಲ್ಲಿದೆ. ಒಪ್ಪುವುದು ಬಿಡುವುದು ಮಾತ್ರ ಅವರ ಕೈಯಲ್ಲಿಲ್ಲ.

ಗಾಜಿನ ಕಟ್ಟಡದ ಏಜೆಂಟ್

ಕಾಲೇಜಿನಲ್ಲಿ ಬಯಾಲಜಿ ಓದುತ್ತಲೇ ಅವಳು ಮತ್ತೆ ನಾಟಕಕ್ಕೆ ಸೇರಿದ್ದಳು. 2018ರಲ್ಲಿ ಡಿಗ್ರಿ ಕೈಗೆ ಬಂದ ದಿನವೇ, "ಅಪ್ಪ, ಮೆಡಿಕಲ್ ಸ್ಕೂಲ್ ಬೇಡ. ಮೂರು ವರ್ಷ ಟೈಮ್ ಕೊಡು" ಎಂದಳು. ಮನೆಯಲ್ಲಿ ಒಂದು ವಾರ ಮಾತಿಲ್ಲ. ಕೊನೆಗೆ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಆ ಮಾಲ್‌ನ ಋಣ ತೀರಿಸಬೇಕೆನ್ನುವುದೂ ಒಂದು ಕಾರಣ.

ನಾಟಕದ ಮೇಷ್ಟ್ರೊಬ್ಬರ ಪರಿಚಯದಿಂದ ಒಬ್ಬ ಏಜೆಂಟ್ ಸಿಕ್ಕರು. ಹೆಸರಾಂತ ಏಜೆನ್ಸಿ, ಗಾಜಿನ ಕಟ್ಟಡ, ಗೋಡೆಯ ತುಂಬ ತಾರೆಯರ ಚಿತ್ರಗಳು. ನಾನು ಗೆದ್ದೆವು ಎಂದುಕೊಂಡೆ. ಹದಿನಾರು ತಿಂಗಳಲ್ಲಿ ಬಂದದ್ದು ಐದೇ ಆಡಿಷನ್! ಅದರಲ್ಲಿ ಎರಡು ಭಯೋತ್ಪಾದಕನ ತಂಗಿ, ಒಂದು ಮೋಟೆಲ್ ಮಾಲೀಕನ ಮಗಳು, ಎರಡು ಒಂದೂ ಮಾತಿಲ್ಲದ ಲ್ಯಾಬ್ ಹುಡುಗಿ. ಫೋನ್ ಮಾಡಿದರೆ ಸಹಾಯಕರ ಸಹಾಯಕರು ಎತ್ತುತ್ತಿದ್ದರು. ಒಮ್ಮೆ ಮಗಳನ್ನು ಬೇರೊಬ್ಬ ಭಾರತೀಯ ಹುಡುಗಿಯ ಹೆಸರಿನಿಂದ ಕರೆದು ಮಾತಾಡಿದರಂತೆ.

ನನಗೆ ಥಟ್ಟನೆ 1998 ನೆನಪಾಯಿತು. ಎಚ್-1 ವೀಸಾದಲ್ಲಿ ಬಂದ ನಮ್ಮಲ್ಲಿ ಅನೇಕರಿಗೆ ಈ ಕಥೆ ಗೊತ್ತು. ಒಂದು ಕನ್ಸಲ್ಟಿಂಗ್ ಕಂಪನಿ ನನ್ನನ್ನು ಕರೆಸಿ, ಒಂದು ಗೆಸ್ಟ್ ಹೌಸ್‌ನಲ್ಲಿ ಏಳು ಜನರ ಜೊತೆ 'ಬೆಂಚ್' ಮೇಲೆ ಕೂರಿಸಿತ್ತು. ಎಲ್ಲರ ರೆಸ್ಯೂಮೆಯನ್ನೂ ಎಲ್ಲ ಕಡೆಗೂ ಎಸೆಯುತ್ತಿದ್ದರು. ಏಳರಲ್ಲಿ ಯಾರಿಗೆ ಕೆಲಸ ಸಿಕ್ಕರೂ ಅವರಿಗೆ ಪಾಲು ಬರುತ್ತಿತ್ತು, ನನಗೇ ಸಿಗಬೇಕೆಂಬ ಹಟ ಅವರಿಗೇನೂ ಇರಲಿಲ್ಲ. ಇಪ್ಪತ್ತು ವರ್ಷದ ಮೇಲೆ ನನ್ನ ಮಗಳೂ ಬೆಂಚ್ ಮೇಲೆ ಕುಳಿತಿದ್ದಳು. ಬೆಂಚು ಗಾಜಿನ ಕಟ್ಟಡದಲ್ಲಿತ್ತು, ಅಷ್ಟೇ ವ್ಯತ್ಯಾಸ.

ಎರಡು ಕೋಣೆಯ ಆಫೀಸು

2020ರ ಮೊದಲಲ್ಲಿ ಅವಳು ಅವರನ್ನು ಬಿಟ್ಟಳು. ನಾನು ಬೇಡವೆಂದೆ. "ಅಷ್ಟು ದೊಡ್ಡ ಹೆಸರು, ರೆಸ್ಯೂಮೆ ಮೇಲಾದರೂ ಇರಲಿ" ಎಂದು ವಾದಿಸಿದೆ. ಎರಡನೇ ಬಾರಿ ಎಡವಿದ್ದು ಇಲ್ಲೇ. ಕೋವಿಡ್ ಬೇಸಿಗೆಯಲ್ಲಿ ಝೂಮ್ ಮೂಲಕ ಹೊಸ ಏಜೆಂಟ್ ಸಿಕ್ಕರು. ಶರ್ಮನ್ ಓಕ್ಸ್‌ನಲ್ಲಿ ಎರಡು ಕೋಣೆಯ ಆಫೀಸು, ಇಬ್ಬರೇ ಜನ. ಆಕೆ ಒಂದು ಗಂಟೆ ಮಾತಾಡಿದರಂತೆ. ಯಾವ ಪಾತ್ರ ಮಾಡಲು ಇಷ್ಟವಿಲ್ಲ? ಮನೆಯಲ್ಲಿ ಯಾವ ಭಾಷೆ? ಸಿಟ್ಟು ಬಂದರೆ ಹೇಗಿರುತ್ತೀರಿ? ಕೊನೆಗೆ ಹೇಳಿದ್ದು: "ನಿಮ್ಮ ಫೋಟೋದಲ್ಲಿ ನೀವು ಯಾರನ್ನೋ ಮೆಚ್ಚಿಸಲು ನಗುತ್ತಿದ್ದೀರಿ. ನಿಮಗೆ ವಕೀಲೆಯ ಮುಖ ಇದೆ. ಬೇರೆ ಫೋಟೋ ತೆಗೆಸಿ." ಅದನ್ನೂ ತಮ್ಮ ಸ್ಟುಡಿಯೋದಲ್ಲೇ ತೆಗೆಸಿ ಎನ್ನಲಿಲ್ಲ, ಎಲ್ಲಾದರೂ ತೆಗೆಸಿ ಎಂದರು.

ಮೊದಲ ವರ್ಷದಲ್ಲಿ 31 ಆಡಿಷನ್! ವಕೀಲೆ, ಇನ್ಶೂರೆನ್ಸ್ ಕಂಪನಿಯ ತನಿಖೆಯವಳು, ಬ್ಯಾಸ್ಕೆಟ್‌ಬಾಲ್ ಕೋಚ್. ಬ್ರೇಕ್‌ಡೌನ್‌ನಲ್ಲಿ 'ಭಾರತೀಯಳು' ಎಂದು ಬರೆಯದೇ ಇದ್ದ ಪಾತ್ರಗಳಿಗೂ ಆಕೆ ಫೋಟೋ ಕಳಿಸುತ್ತಿದ್ದರು, ಕಳಿಸಿ ಫೋನ್ ಕೂಡ ಮಾಡುತ್ತಿದ್ದರು. ಆ ದಿನಗಳಲ್ಲಿ ಆಡಿಷನ್ ಎಂದರೆ ಮನೆಯಲ್ಲೇ ವಿಡಿಯೋ ಮಾಡಿ ಕಳಿಸುವುದು. ಎದುರು ಪಾತ್ರದ ಮಾತು ಓದಲು ಒಬ್ಬರು ಬೇಕಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಗ್ಯಾರೇಜಿನಲ್ಲಿ ಬೆಡ್‌ಶೀಟ್ ಕಟ್ಟಿ, ನನ್ನ ಬಸವನಗುಡಿ ಇಂಗ್ಲಿಷಿನಲ್ಲಿ "ಆಬ್ಜೆಕ್ಷನ್, ಯುವರ್ ಆನರ್!" ಎಂದು ಗುಡುಗುತ್ತಿದ್ದೆ. "ಅಪ್ಪ, ನೀನು ಆಕ್ಟ್ ಮಾಡ್ಬೇಡ, ಸುಮ್ನೆ ಓದು!" ಎಂದು ಬೈಸಿಕೊಳ್ಳುತ್ತಿದ್ದೆ.

ಆ ಗ್ಯಾರೇಜಿನಲ್ಲೇ ನನಗೆ ವಿಷಯ ಅರ್ಥವಾದದ್ದು. ಐದು ಇದ್ದದ್ದು ಮೂವತ್ತೊಂದಾಗಿದ್ದು ಏಜೆಂಟಿನಿಂದ. ಅದೇ ಹುಡುಗಿ, ಅದೇ ಪ್ರತಿಭೆ, ತಟ್ಟಿದ ಬಾಗಿಲು ಬೇರೆ. ಆದರೆ ಆ ಮೂವತ್ತೊಂದರಲ್ಲಿ ಮೂವತ್ತಕ್ಕೆ 'ಇಲ್ಲ' ಎಂದೇ ಉತ್ತರ, ಅನೇಕಕ್ಕೆ ಉತ್ತರವೇ ಇಲ್ಲ. ರಾತ್ರಿ ಹನ್ನೊಂದರವರೆಗೆ ಒಂದೇ ಸಾಲನ್ನು ಹದಿನಾಲ್ಕು ಸಲ ಹೇಳಿ, ಮರುದಿನ ಮರೆತು ಮುಂದಿನದಕ್ಕೆ ತಯಾರಾಗುವ ಕೆಲಸವನ್ನು ಯಾವ ಏಜೆಂಟೂ ಮಾಡಿಕೊಡುವುದಿಲ್ಲ. 2021ರಲ್ಲಿ ಒಂದಕ್ಕೆ 'ಹೌದು' ಬಂತು. ಸರ್ಕಾರಿ ವಕೀಲೆ, ನಾಲ್ಕು ಸಾಲು ಮಾತು. ಪಾತ್ರದ ಹೆಸರು ಮೊದಲು ಬೇರೆ ಏನೋ ಇತ್ತು, ಇವಳಿಗಾಗಿ 'ರಾವ್' ಎಂದು ಬದಲಾಯಿಸಿದರು. ಆ ಎಪಿಸೋಡ್ ಬಂದ ರಾತ್ರಿ ನನ್ನ ಹೆಂಡತಿ ಊರಿಗೆ ಮಾಡಿದ ಫೋನ್‌ಗಳಿಗೆ ಲೆಕ್ಕವಿಲ್ಲ.

2023ರಲ್ಲಿ ನಟರ ಸಂಘ 118 ದಿನ ಮುಷ್ಕರ ಹೂಡಿತು. ಕೆಲಸವಿಲ್ಲ, ಆಡಿಷನ್ನೂ ಇಲ್ಲ. ಸೊನ್ನೆಯ ಹತ್ತು ಪರ್ಸೆಂಟ್ ಸೊನ್ನೆಯೇ ತಾನೆ? ಆದರೂ ಆ ಏಜೆಂಟ್ ತಿಂಗಳಿಗೊಮ್ಮೆ ಫೋನ್ ಮಾಡಿ "ಹೇಗಿದ್ದೀರಿ, ಬಾಡಿಗೆಗೆ ತೊಂದರೆಯಿಲ್ಲ ತಾನೆ?" ಎಂದು ಕೇಳುತ್ತಿದ್ದರು. ಅಂಥವರನ್ನು ನಾನು ಈ ದೇಶದಲ್ಲಿ ಹೆಚ್ಚು ಕಂಡಿಲ್ಲ.

ಏಜೆಂಟ್ ಇಲ್ಲದೆಯೂ...

ಏಜೆಂಟ್ ಇಲ್ಲದೆ ಆಗುವುದೇ ಇಲ್ಲವೇ? ಆಗುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ 2020ರಲ್ಲಿ ಬಂದ 'ನೆವರ್ ಹ್ಯಾವ್ ಐ ಎವರ್' ಧಾರಾವಾಹಿಯ ನಾಯಕಿಗಾಗಿ ಮಿಂಡಿ ಕೇಲಿಂಗ್ ಬಹಿರಂಗ ಕರೆ ಕೊಟ್ಟಿದ್ದರು. ಸುಮಾರು 15,000 ಹುಡುಗಿಯರಲ್ಲಿ ಆಯ್ಕೆಯಾದದ್ದು ಕೆನಡಾದ ಮಿಸಿಸಾಗಾದ ತಮಿಳು ಹುಡುಗಿ ಮೈತ್ರೇಯಿ ರಾಮಕೃಷ್ಣನ್. ಕೇಳಲು ಸಂತೋಷವೇ. ಆದರೆ ಇನ್ನುಳಿದ ಹದಿನಾಲ್ಕು ಸಾವಿರ ಚಿಲ್ಲರೆ ಹುಡುಗಿಯರು ಮರುದಿನ ಬೆಳಿಗ್ಗೆ ಮತ್ತೆ ಯಾರ ಬಾಗಿಲು ತಟ್ಟಬೇಕು? ಏಜೆಂಟ್ ಬೇಕಾಗುವುದು ಆ ಮರುದಿನಕ್ಕೆ.

ಹೆತ್ತವರಿಗೆ ನಾಲ್ಕು ಮಾತು

ಮೊದಲು ಲೈಸೆನ್ಸ್ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಏಜೆಂಟರಿಗೆ ಲೇಬರ್ ಕಮಿಷನರ್ ಲೈಸೆನ್ಸ್ ಕೊಡುತ್ತಾರೆ, ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. 'ಮ್ಯಾನೇಜರ್' ಎನ್ನುವವರು ಬೇರೆ. ಅವರು ಸಲಹೆ ಕೊಡುವವರು, ಹದಿನೈದು ಪರ್ಸೆಂಟ್‌ವರೆಗೂ ಕೇಳುವುದುಂಟು. ಏಜೆಂಟ್ ಲೈಸೆನ್ಸ್ ಇಲ್ಲದೆ ಕೆಲಸ ಕೊಡಿಸಲು ಓಡಾಡುವ ಹಕ್ಕು ಅವರಿಗಿಲ್ಲ.

ಎರಡನೆಯದು, ಮಕ್ಕಳು ಚಿಕ್ಕವರಾಗಿದ್ದರೆ ರಾಜ್ಯದ ವರ್ಕ್ ಪರ್ಮಿಟ್ ಬೇಕು. ಮಗುವಿನ ಸಂಪಾದನೆಯಲ್ಲಿ ನೂರಕ್ಕೆ 15 ಭಾಗ ಮಗುವಿನ ಹೆಸರಿನ ಟ್ರಸ್ಟ್ ಖಾತೆಗೆ ಹೋಗಬೇಕು. ಚಾಪ್ಲಿನ್ ಜೊತೆ 'ದಿ ಕಿಡ್'ನಲ್ಲಿ ನಟಿಸಿದ ಜಾಕಿ ಕೂಗನ್ ದೊಡ್ಡವನಾದಾಗ ತನ್ನ ಸಂಪಾದನೆಯನ್ನೆಲ್ಲ ಮನೆಯವರೇ ಖರ್ಚು ಮಾಡಿದ್ದು ಕಂಡು ಕೋರ್ಟಿಗೆ ಹೋದ. 1939ರ ಕೂಗನ್ ಕಾನೂನು ಹುಟ್ಟಿದ್ದು ಹಾಗೆ.

ಮೂರನೆಯದು, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರಿಂದ ಹೊರಬರುವ ದಾರಿ ಎಲ್ಲಿದೆ ಎಂದು ಓದಿ. ನಾಲ್ಕನೆಯದು, ಗೋಡೆಯ ಮೇಲಿನ ಚಿತ್ರ ನೋಡಬೇಡಿ. ನಿಮ್ಮ ಮಗುವಿನ ಹೆಸರು ಅವರಿಗೆ ನೆನಪಿದೆಯೇ, ಇನ್ನೆಷ್ಟು ಜನ ಅದೇ ವಯಸ್ಸಿನ, ಅದೇ ಬಣ್ಣದ ಮಕ್ಕಳು ಅವರ ಪಟ್ಟಿಯಲ್ಲಿದ್ದಾರೆ, ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಎಂದು ನೋಡಿ.

ನಾನು ಕೊಟ್ಟ ಮೂರು ವರ್ಷ ಯಾವಾಗಲೋ ಮುಗಿದುಹೋಯಿತು, ಅವಳೂ ನೆನಪಿಸಲಿಲ್ಲ, ನಾನೂ ಕೇಳಲಿಲ್ಲ. ಮಗಳು ತಾರೆಯಾಗಿಲ್ಲ. ವರ್ಷಕ್ಕೆ ಎರಡೋ ಮೂರೋ ಸಣ್ಣ ಪಾತ್ರ, ಮಿಕ್ಕ ದಿನ ಮಕ್ಕಳಿಗೆ ನಾಟಕದ ಪಾಠ. ಹೋದ ವರ್ಷ ಅವಳ ಕ್ಲಾಸಿಗೆ ಬರುವ ನಮ್ಮ ಕೂಟದ ಹುಡುಗಿಯೊಬ್ಬಳು ಒಂದು ಜಾಹೀರಾತಿಗೆ ಆಯ್ಕೆಯಾಗದೆ ಅಳುತ್ತಿದ್ದಳು. ಮಗಳು ಅವಳ ಪಕ್ಕ ನೆಲದ ಮೇಲೆ ಕುಳಿತು ಹೇಳುತ್ತಿದ್ದಳು: "ನೀನು ಚೆನ್ನಾಗೇ ಮಾಡಿದೆ ಪುಟ್ಟಿ. ಅವರಿಗೆ ಬೇರೆ ಯಾರೋ ಬೇಕಾಗಿತ್ತು, ಅಷ್ಟೇ." 2008ರಲ್ಲಿ ಕಾರಿನಲ್ಲಿ ನಾನು ಹೇಳಬೇಕಾಗಿದ್ದ ಮಾತು ಅದು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

ಮುಂದಿನ ಪಾಟ್‌ಲಕ್‌ನಲ್ಲಿ ಸಿಕ್ಕಾಗ ಖಂಡಿತ ಕೇಳಿ. ಈ ಸಲ ಕೋಸಂಬರಿ ಕಡೆಗೆ ಓಡುವುದಿಲ್ಲ. ಆದರೆ ಯಾರಾದರೂ ಚೆಕ್ ಬರೆಯಿರಿ ಎಂದಿದ್ದರೆ ಪಾಟ್‌ಲಕ್‌ವರೆಗೆ ಕಾಯಬೇಡಿ, ಅದೇ ದಿನ ಫೋನ್ ಮಾಡಿ!