ಮುಂಗಡ ಹಣದ ಕಾರ್ಡುಗಳೂ ಮೂರು ದಿವಸಗಳ ಗಡುವೂ

ನಮ್ಮ ಗ್ರಾಮಗಳಲ್ಲಿ ಈಚೆಗೆ ಹಣದ ಚೀಲಕ್ಕೆ ಬದಲಾಗಿ ಕಾರ್ಡುಗಳೂ ಫೋನಿನೊಳಗಣ ವಾಲೆಟ್ಟುಗಳೂ ಬಳಕೆಗೆ ಬಂದಿರುತ್ತವೆ. ಆದರೆ ಕಾರ್ಡುಗಳೆಲ್ಲವೂ ಒಂದೇ ಜಾತಿಯವಲ್ಲ. ಕಿಸಾನ್ ಕ್ರೆಡಿಟ್ ಕಾರ್ಡು ಸಾಲಕ್ಕೆ ಸಂಬಂಧಪಟ್ಟದ್ದು. ಬ್ಯಾಂಕಿನ ಡೆಬಿಟ್ ಕಾರ್ಡು ಖಾತೆಯಲ್ಲಿರುವ ಹಣಕ್ಕೆ ಸಂಬಂಧಪಟ್ಟದ್ದು. ಮೊದಲೇ ಹಣವನ್ನು ತುಂಬಿ, ತುಂಬಿದಷ್ಟನ್ನೇ ವೆಚ್ಚ ಮಾಡತಕ್ಕ ಕಾರ್ಡು ಮೂರನೆಯದು. ವಾಲೆಟ್ಟು, ಉಡುಗೊರೆಯ ಕಾರ್ಡು, ಲಾರಿ ಜೀಪುಗಳ ಗಾಜಿಗೆ ಅಂಟಿಸುವ ಫಾಸ್ಟ್‌ಟ್ಯಾಗ್ ಇವು ಈ ವರ್ಗಕ್ಕೆ ಸೇರಿದುವು. ಇವುಗಳಲ್ಲಿ ನಿಂತ ಹಣಕ್ಕೆ ಬಡ್ಡಿ ಬರುವುದಿಲ್ಲ. ಆದಕಾರಣ ಸುಗ್ಗಿಯ ಹುಟ್ಟುವಳಿಯನ್ನೆಲ್ಲ ಇವುಗಳಲ್ಲಿ ಕೂಡಿಡುವುದು ಜಾಣತನವಲ್ಲ.

2007ನೆಯ ಇಸವಿಯ ಪಾವತಿ ವ್ಯವಸ್ಥೆಗಳ ಕಾಯಿದೆಯ ಮೇರೆಗೆ ರಿಸರ್ವ್ ಬ್ಯಾಂಕು 2021ನೆಯ ಆಗಸ್ಟ್ 27ರಂದು ಈ ವಿಷಯದಲ್ಲಿ ವಿಸ್ತಾರವಾದ ನಿಬಂಧನೆಗಳನ್ನು ಹೊರಡಿಸಿತು. ಬ್ಯಾಂಕಲ್ಲದ ಕಂಪೆನಿಯು ಗಿರಾಕಿಗಳ ಹಣವನ್ನು ತನ್ನ ಸ್ವಂತ ಹಣದೊಡನೆ ಬೆರಸಕೂಡದು. ಷೆಡ್ಯೂಲ್ಡ್ ವಾಣಿಜ್ಯ ಬ್ಯಾಂಕೊಂದರಲ್ಲಿ ಪ್ರತ್ಯೇಕ ಖಾತೆಯಲ್ಲಿಡತಕ್ಕದ್ದು. ಕಡೆಯ ಸಲ ಹಣ ತುಂಬಿದ ದಿವಸದಿಂದ ಕನಿಷ್ಠ ಒಂದು ವರ್ಷ ಕಾರ್ಡು ಊರ್ಜಿತದಲ್ಲಿರಬೇಕು. ವಾಯಿದೆ ತೀರುವ ಮುಂಚಿನ 45 ದಿವಸಗಳಲ್ಲಿ ಎಚ್ಚರಿಕೆಯ ಸಂದೇಶಗಳನ್ನು ಕಳುಹಿಸಬೇಕು. ವಾಯಿದೆ ತೀರಿತೆಂದ ಮಾತ್ರಕ್ಕೆ ಹಣ ಮುಳುಗಿತೆಂದು ಭಾವಿಸಲಾಗದು. ಆ ಬಳಿಕ ಕೇಳಿದರೂ ಉಳಿಕೆಯನ್ನು ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕೆಂದು ವಿಧಿಯಿದೆ. ಕಾರ್ಡಿನ ಷರತ್ತುಗಳನ್ನೂ ಶುಲ್ಕಗಳನ್ನೂ ತಿಳಿಯಾದ ಮಾತುಗಳಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಸ್ಥಳೀಯ ಭಾಷೆಯಲ್ಲಿಯೂ ತಿಳಿಸತಕ್ಕದ್ದೆಂದು ಅದೇ ನಿಬಂಧನೆಗಳು ಹೇಳುತ್ತವೆ. ಕನ್ನಡದ ಪತ್ರವನ್ನು ಕೇಳಿ ಪಡೆಯಲು ನಮ್ಮವರು ಏಕೆ ಸಂಕೋಚಪಡುವರೋ ತಿಳಿಯದು.

ಇಷ್ಟು ಸಾಮಾನ್ಯ ವಿಚಾರ. ರೈತನಿಗೆ ನಿಜವಾಗಿ ಪೆಟ್ಟು ಬೀಳುವುದು ಅವನಿಗೆ ತಿಳಿಯದಂತೆ ಇತರರು ಹಣವನ್ನು ಎಳೆದುಕೊಂಡಾಗ. ಇದಕ್ಕೆ ರಿಸರ್ವ್ ಬ್ಯಾಂಕು 2019ನೆಯ ಜನವರಿ 4ರ ಆದೇಶದಲ್ಲಿ ಬ್ಯಾಂಕಲ್ಲದ ಕಂಪೆನಿಗಳಿಗೆ ನಿಯಮ ಮಾಡಿತು. ಕಂಪೆನಿಯ ಅಲಕ್ಷ್ಯದಿಂದ ನಷ್ಟವಾದರೆ ಗಿರಾಕಿಯ ಹೊಣೆ ಏನೂ ಇಲ್ಲ. ತಪ್ಪು ಕಂಪೆನಿಯದೂ ಅಲ್ಲ, ಗಿರಾಕಿಯದೂ ಅಲ್ಲ, ನಡುವಣ ಮೂರನೆಯವರದು ಎಂದಾದಲ್ಲಿ ದಿನಗಳ ಲೆಕ್ಕ ಮುಖ್ಯವಾಗುತ್ತದೆ. ಸಂದೇಶ ಬಂದ ದಿನವನ್ನು ಬಿಟ್ಟು ಮೂರು ದಿವಸಗಳೊಳಗೆ ದೂರು ಕೊಟ್ಟವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳನೆಯ ದಿನದವರೆಗೆ ಕೊಟ್ಟರೆ, ಹೋದ ಮೊಬಲಗು ಅಥವಾ 10,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಗಿರಾಕಿಯು ಹೊರಬೇಕು. ಏಳು ದಿನ ಕಳೆದ ಮೇಲೆ ಕಂಪೆನಿಯ ಆಡಳಿತ ಮಂಡಲಿಯ ಧೋರಣೆಯೇ ಗತಿ.

ಒಂದು ಉದಾಹರಣೆ: ಸೋಮವಾರ ಸಂದೇಶ ಬಂದರೆ ಗುರುವಾರದವರೆಗೆ ಸುರಕ್ಷಿತ. ಶನಿವಾರ ದೂರಿತ್ತವನ ಹಣ 6,000 ರೂಪಾಯಿ ಹೋಗಿದ್ದರೆ ಅಷ್ಟೂ ಅವನ ತಲೆಯ ಮೇಲೆಯೇ ಬೀಳಬಹುದು. 14,000 ಹೋಗಿದ್ದರೆ 4,000 ಮಾತ್ರ ಕಂಪೆನಿಯ ಪಾಲು. ಬ್ಯಾಂಕೇ ಕೊಟ್ಟ ಕಾರ್ಡಿಗೆ 2017ನೆಯ ಜುಲೈ 6ರ ಆದೇಶವಿದ್ದು, ಅದರಲ್ಲಿ ರಜೆಗಳನ್ನು ಬಿಟ್ಟು ಕೆಲಸದ ದಿವಸಗಳನ್ನು ಎಣಿಸುವುದಾಗಿ ಹೇಳಿದೆ. ಬ್ಯಾಂಕಲ್ಲದ ಕಂಪೆನಿಗೆ ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ.

ಈ ಮೂರು ದಿವಸಗಳೇ ನಮ್ಮ ಹಳ್ಳಿಗಳಲ್ಲಿ ವ್ಯರ್ಥವಾಗುವುದು. ಕಾರ್ಡಿಗೆ ಬರೆಯಿಸಿದ ಫೋನ್ ನಂಬರು ಅನೇಕ ವೇಳೆ ಬೆಂಗಳೂರಿನಲ್ಲಿರುವ ಮಗನದಾಗಿರುತ್ತದೆ. ಅಥವಾ ಫೋನು ಮನೆಯಲ್ಲಿದ್ದರೂ ಇಂಗ್ಲಿಷ್ ಸಂದೇಶವನ್ನು ಓದುವವರಿರುವುದಿಲ್ಲ. ರೈತನು ಪೈರಿನ ನೀರು ಕಟ್ಟುತ್ತಿರುವಾಗ ಗಡುವು ಕಳೆದುಹೋಗಿರುತ್ತದೆ. ಆದುದರಿಂದ ಕಾರ್ಡಿಗೆ ಸ್ವಂತ ನಂಬರನ್ನೇ ಕೊಡತಕ್ಕದ್ದು. ಗ್ರಾಮದ ಮುಖಂಡರು ವಿಚಾರವಂತನಾದ ಒಬ್ಬ ಯುವಕನನ್ನು ಗೊತ್ತುಮಾಡಿ, ಕೂಲಿಯವರ ಫೋನುಗಳಿಗೆ ಬಂದ ಸಂದೇಶಗಳನ್ನು ವಾರಕ್ಕೆರಡಾವರ್ತಿ ಓದಿ ಹೇಳಿಸಿದರೆ ಬಹಳ ಉಪಕಾರವಾದೀತು. ಕೂಲಿಯ ಹಣವನ್ನು ಕಾರ್ಡಿಗೆ ಹಾಕುವ ಭೂಮಾಲೀಕರಿಗೆ ಇದು ಹೆಚ್ಚಾಗಿ ಅನ್ವಯಿಸುತ್ತದೆ.

ಇನ್ನೊಂದು ಕೆಟ್ಟ ವಾಡಿಕೆಯುಂಟು. ಕಾರ್ಡನ್ನೂ ಗುಟ್ಟಿನ ಸಂಖ್ಯೆಯನ್ನೂ ಅಂಗಡಿಯವನ ವಶಕ್ಕೆ ಬಿಟ್ಟು ಸಾಮಾನು ತರುವುದು. ಸಂಖ್ಯೆಯನ್ನು ತಾನೇ ಕೊಟ್ಟವನ ನಷ್ಟ, ಅವನು ದೂರು ಕೊಡುವವರೆಗೆ ಪೂರ್ತಿ ಅವನದೇ. ಆದಾಗ್ಯೂ ದೂರು ಕೊಟ್ಟ ಕ್ಷಣದಿಂದಾಚೆಗೆ ಆಗುವ ನಷ್ಟ ಕಂಪೆನಿಯದು. ತನ್ನದೇ ತಪ್ಪಾಯಿತೆಂದು ನಾಚಿಕೊಂಡು ಸುಮ್ಮನಿರುವವನು ಇದರಿಂದ ಎರಡನೆಯ ಸಲವೂ ಕಳೆದುಕೊಳ್ಳುತ್ತಾನೆ.

ದೂರು ಕೊಟ್ಟೊಡನೆ ಅದರ ನಂಬರನ್ನು ಕೇಳಿ ಬರೆದಿಡಬೇಕು. ಗಿರಾಕಿಯದೇ ತಪ್ಪೆಂದು ರುಜುವಾತುಪಡಿಸುವ ಭಾರ ಕಂಪೆನಿಯ ಮೇಲಿದೆ. ಮೇಲ್ಕಂಡ 2019ರ ಆದೇಶದಂತೆ 10 ದಿವಸಗಳೊಳಗೆ ಹಣವನ್ನು ತಾತ್ಪೂರ್ತಿಕವಾಗಿ ಜಮಾ ಮಾಡಿ, 90 ದಿವಸಗಳೊಳಗೆ ವ್ಯವಹಾರವನ್ನು ತೀರ್ಮಾನಿಸತಕ್ಕದ್ದು. ಮೋಸವೆಂದು ಕಂಡುಬಂದರೆ ಅದೇ ದಿನ 1930 ಎಂಬ ನಂಬರಿಗೂ ತಿಳಿಸಬೇಕು. ಕಂಪೆನಿಯು 30 ದಿವಸಗಳಾದರೂ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ಅರ್ಜಿ ಹಾಕಬಹುದು; ವಿವರವನ್ನು 14448 ಎಂಬ ನಂಬರಿನಲ್ಲಿ ಕೇಳಿ ತಿಳಿಯಬಹುದು. ಆ ಅರ್ಜಿಯಲ್ಲಿ ಕಂಪೆನಿಗೆ ಕೊಟ್ಟ ದೂರಿನ ನಂಬರನ್ನೂ ತಾರೀಖನ್ನೂ ಕೇಳುವರು.