ನಿಮಗಿದು ಗೊತ್ತೆ? ಬೆಂಕಿ ಆರಿಸುವವರಿಗೂ ಉಂಟು ‘ಗುಂಡಿನ’ ನಿಯಮ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಬೇಸಿಗೆಯಲ್ಲಿ ಹುಲ್ಲಿನ ಬಣವೆಗೋ ಬೆಟ್ಟದ ಒಣಹುಲ್ಲಿಗೋ ಬೆಂಕಿ ಬಿದ್ದರೆ ಮೊದಲು ಓಡುವವರು ಊರಿನವರೇ. ಹೊಂಗೆ ಸೊಪ್ಪಿನಿಂದ ಬಡಿಯುತ್ತಾರೆ, ಬಿಂದಿಗೆಯಲ್ಲಿ ನೀರು ಎರಚುತ್ತಾರೆ, ಇನ್ನೂ ಹತ್ತಿಕೊಳ್ಳದ ಹುಲ್ಲನ್ನು ಎಳೆದು ದೂರ ಹಾಕುತ್ತಾರೆ. ಕೆಂಪು ವಾಹನ ಬರುವುದು ಆಮೇಲೆ. ಅದರಲ್ಲಿ ಬರುವವರು ಸಂಬಳದ ಸರ್ಕಾರಿ ನೌಕರರು. ಕರ್ತವ್ಯದಲ್ಲಿದ್ದಾಗ ಅವರು ಅಮಲಿನಲ್ಲಿರುವಂತಿಲ್ಲ.

ಜರ್ಮನಿಯಲ್ಲಿ ಎಲ್ಲರೂ ಸಂಬಳದವರಲ್ಲ. ಅಲ್ಲಿ ಅಗ್ನಿಶಾಮಕ ದಳದ ಬಹುಪಾಲು ಮಂದಿ ಸ್ವಯಂಸೇವಕರು. ತಾಲೀಮು ಮುಗಿದ ಮೇಲೆ ಠಾಣೆಯಲ್ಲೇ ಕೂತು ಬಿಯರ್ ಕುಡಿಯುವುದು ಹಳೆಯ ರೂಢಿ. ಕರೆ ಯಾವಾಗ ಬರುತ್ತದೋ ಯಾರು ಬಲ್ಲರು! ಅಮೆರಿಕದಲ್ಲೂ ಇದೇ ತಲೆನೋವು. ಹಾಗಾಗಿ ಅಲ್ಲಿನ ಅಗ್ನಿಶಾಮಕ ಮುಖ್ಯಸ್ಥರ ಸಂಘ ಒಂದು ಗೆರೆ ಎಳೆದಿದೆ: ಕುಡಿದು 8 ಗಂಟೆ ಕಳೆಯದಿದ್ದರೆ ಸ್ವಯಂಸೇವಕ ತಾನಾಗಿಯೇ ಕೆಲಸದಿಂದ ಹಿಂದೆ ಸರಿಯಬೇಕು.

ನಮ್ಮಲ್ಲಿ ಇಂಥವರಿಗೆ ಹತ್ತಿರದ ಸ್ವಯಂಸೇವಕರೆಂದರೆ 1962ರ ಕಾಯ್ದೆಯಡಿ ಬಂದ ಗೃಹರಕ್ಷಕರು. ಅಗ್ನಿ ಅನಾಹುತ, ಪ್ರವಾಹದಲ್ಲಿ ನೆರವಾಗುವುದೂ ಅವರ ಕೆಲಸ.

ವಾಹನ ಯಾವುದೇ ಇರಲಿ, ಚಾಲಕನ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಾಂಶ ಇದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ 10,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಜರ್ಮನಿಯಲ್ಲಿ ಸಾಮಾನ್ಯ ಚಾಲಕರಿಗೆ ಈ ಮಿತಿ 50 ಮಿ.ಗ್ರಾಂ.; ನಮ್ಮದೇ ಬಿಗಿ.

ಮಜ್ಜಿಗೆ, ನಿಂಬೆರಸ ಕುಡಿದರೆ ಅಮಲು ಬೇಗ ಇಳಿಯುತ್ತದೆ ಎಂಬುದು ಬರೀ ನಂಬಿಕೆ. ಬಣವೆ ಹತ್ತಿಕೊಂಡಾಗ ಕುಡಿದವರನ್ನು ಹತ್ತಿರ ಬಿಡಬೇಡಿ. 112ಕ್ಕೆ ಕರೆ ಮಾಡಿ, ಊರಿನ ಹೆಸರು, ದಾರಿಯ ಗುರುತು ಸರಿಯಾಗಿ ಹೇಳಿ.